ವಾರ್ಸಾದ ಸಂತೆ ಚೌಕ

ಕುರುಬರಹಳ್ಳಿಯ ಬಾವಿಕಟ್ಟೆಯಲ್ಲಿ ಗಂಗಲಕ್ಷ್ಮಮ್ಮ ಬೂದಿ ಹಾಕಿ ತಪ್ಪಲೆ ಉಜ್ಜುತ್ತಿದ್ದಳು. ಪಕ್ಕದಲ್ಲಿ ಮಗಳು ಪುಟ್ಟಸಾಕಿ ತೆಂಗಿನ ನಾರು ಹಿಡಿದು ಕೂತಿದ್ದಳು. ಫ್ಯಾಕ್ಟರಿಯವರು ಕೆಲಸ ಕಲಿಯಲೆಂದು ಪೋಲೆಂಡಿಗೆ ಕಳಿಸಿದ್ದ ಉಗ್ರಪ್ಪ ಹಿಂದಿನ ದಿನವಷ್ಟೇ ಬಂದಿದ್ದ. ಇವರಿಗೆ ಬೆನ್ನು ಮಾಡಿಕೊಂಡು, ತನ್ನ ಹಾಗೇ ಬಾವಿಯತ್ತ ಮುಖ ಮಾಡಿ ನಿಂತಿದ್ದ ಸೋದರತ್ತೆ ಮುನಿಲಕ್ಷ್ಮಮ್ಮನಿಗೆ ನೀರು ಸೇದಿಕೊಡುತ್ತಾ ಅಲ್ಲಿಯ ಸುದ್ದಿ ಹೇಳುತ್ತಿದ್ದ.

“ವಾರ್ಸಾ ಅಂತ ಊರು ಅತ್ತೆ. ನಡುವೆ ಸಂತೆ ಚೌಕ. ಏಳ್ನೂರು ವರ್ಷದ್ದು ಅಂದ್ರು. ಮುಟ್ಟಿ ನೋಡ್ತೀನಿ, ಗೋಡೆ ಗಾರೆ ಎಲ್ಲಾ ಹೊಸದು!”

“ಹಬ್ಬಕ್ಕೆ ಸುಣ್ಣ ಹೊಡೆದಿರ್ತಾರೆ ಬಿಡೋ.”

“ಅಲ್ಲತ್ತೆ! ಯುದ್ಧದಲ್ಲಿ ಅಷ್ಟೂ ಮನೆ ಬಿದ್ದು ಮಣ್ಣಾಗಿದ್ವಂತೆ. ಮತ್ತೆ ಕಟ್ಟವ್ರೆ, ಬಾಗಿಲು ಕಿಟಕಿ ಸಮೇತ ಹಂಗಂಗೇ.”

“ಅಯ್ಯೋ ಶಿವನೇ! ಮಣ್ಣಾಗಿ ಹೋದ ಮನೆ ಹೆಂಗಿತ್ತು ಅಂತ ಯಾರಿಗೆ ಗೊತ್ತಿರ್ತದೆ?”

“ಹಿಂದಿನೋರು ಚಿತ್ರ ಬರೆದಿಟ್ಟಿದ್ರಂತೆ. ಅದನ್ನ ನೋಡ್ಕೊಂಡು ಕಟ್ಟವ್ರೆ.”

“ಪುಣ್ಯವಂತರು ಕಣಪ್ಪ. ಇಲ್ಲಿ ನೋಡು, ಲೇಔಟ್ ಮಾಡ್ತೀವಿ ಅಂತ ಸೋಮವಾರ ನಮ್ಮ ಬೀದೀನೇ ಕೆಡವ್ತಾರೆ. ಗಂಗಲಕ್ಷ್ಮಮ್ಮನ ಮನೆಯಿಂದಲೇ ಶುರು. ಪಾಪ, ಮಗೂಗೆ ಇನ್ನೂ ಹೇಳಿಲ್ವಂತೆ.”

ಉಗ್ರಪ್ಪ ಹಗ್ಗ ಸುತ್ತಿಡಲು ತಿರುಗಿದವನು ಬೆಚ್ಚಿಬಿದ್ದ.

“ಸುಮ್ನಿರತ್ತೆ, ಹಿಂದೇನೇ ಕೂತವ್ರೆ.”

ಇಬ್ಬರೂ ಕೊಡ ಹೊತ್ತು ಸರಸರನೆ ಹೋಗಿಬಿಟ್ಟರು. ಗಂಗಲಕ್ಷ್ಮಮ್ಮ ತಲೆಯೆತ್ತದೆ, ಬೆಳ್ಳಗಾಗಿದ್ದ ತಪ್ಪಲೆಯನ್ನೇ ಮತ್ತೆ ಮತ್ತೆ ಉಜ್ಜಿದಳು. ಪುಟ್ಟಸಾಕಿ ಅಮ್ಮನ ಮುಖ ನೋಡಿದಳು, ಬೀದಿಯ ಕಡೆ ನೋಡಿದಳು, ನಾರು ಕೆಳಗಿಟ್ಟಳು.

“ಅವ್ವಾ, ನಮ್ಮನೆ ಚಿತ್ರ ಯಾರಾದ್ರೂ ಬರೆದಿಟ್ಟವ್ರಾ?”