ಕಾಯ್ದೆಯಲ್ಲಿ ಇಲ್ಲದ ಪ್ರಶ್ನೆ

ಕೊರಿಯಾದ ಯುದ್ಧ ನಿಂತ ಮರುವರ್ಷ, ಹರಿಹರ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಿದ್ದ ಮುರುಗೇಶಪ್ಪ ಮೇಷ್ಟ್ರ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಕೊರಿಯಾಕ್ಕೆ ಯುದ್ಧಕೈದಿಗಳನ್ನು ಕಾಯಲು ಹೋಗಿ ಆಗಷ್ಟೇ ಮರಳಿದ್ದ ಸಿಪಾಯಿ ಉಚ್ಚೆಂಗಪ್ಪ, ತನ್ನ ಅಕ್ಕ ನೀಲಕ್ಕನೊಂದಿಗೆ ಊರಿನ ಎತ್ತಿನ ಗಾಡಿಗೆ ಕಾದು ಕೂತಿದ್ದ.

"ಸಂಧಾನಕ್ಕೆ ಹೋದೋನು ಯಾಕ ಹಿಂಗೆ ಸಪ್ಪಗಾಗಿದಿ?"

"ಎಲ್ಲಿ ಸಂಧಾನ ಅಕ್ಕಾ? ಒಬ್ಬೊಬ್ಬ ಕೈದೀನ ಗುಡಾರಕ್ಕೆ ಕರೆತಂದು, ಊರಿಗೆ ಹೋಗ್ತೀಯೋ ಇಲ್ಲೋ ಅಂತ ಕೇಳ್ಬೇಕು. ಅದು ಕಾಯ್ದೆ. ಬಲವಂತದಿಂದ ಊರಿಗೆ ಕಳಿಸ್ತಾರಂತ ಅವ್ರು ಹೆದರಿ ಬರ್ಲೇ ಇಲ್ಲ."

"ಅವ್ರಿದ್ದಲ್ಲಿಗೇ ಹೋಗಿ ಕೇಳ್ಬೇಕಿತ್ತು."

"ನಾನೂ ಅದನ್ನೇ ಹೇಳ್ದೆ. ಯುದ್ಧ ಮಾಡಿದ ಎರಡು ಕಡೆಯೋರೂ ಒಪ್ಲಿಲ್ಲ. ಗುಡಾರದಾಗೇ ಆಗ್ಬೇಕಂತೆ. ಜಗ್ಗಾಡಿ ಜಗ್ಗಾಡಿ ವಾಯಿದೆನೇ ಮುಗೀತು."

ಉಚ್ಚೆಂಗಪ್ಪನೇ ಮುಂದುವರಿಸಿದ.

"ಕೈದಿಗಳಾಗೆ ಒಬ್ಬ ಬಡಗಿ ದಿನಾ ಬೇಲಿ ಹತ್ರ ಬರ್ತಿದ್ದ. ಅವ್ವ ಬದುಕಿದ್ರೆ ಊರಿಗೆ ಹೋಗ್ತೀನಿ, ಇಲ್ದಿದ್ರೆ ಇಲ್ಲ ಅಂತ ದುಭಾಷಿ ಕೈಲಿ ಹೇಳ್ಸಿದ. ಅದನ್ನ ವಿಚಾರ್ಸಾಕೆ ಕಾಯ್ದೆಯಾಗೆ ದಾರಿ ಇರ್ಲಿಲ್ಲ."

"ಬದುಕಿದಾಳೆ ಅಂತ ನೀನೇ ಒಂದು ಸುಳ್ಳು ಹೇಳ್ಬಾರ್ದಿತ್ತಾ?"

"ಹೇಳ್ದೆನಕ್ಕಾ. ಹಂಗಾದ್ರೆ ಅವಳ ಹೆಸರೇನು ಹೇಳು ಅಂದ."

ಉಕ್ಕಡಗಾತ್ರಿಯ ಗಾಡಿಯವನು ಹೊರಗಿನಿಂದ ಕೂಗಿದ. ನೀಲಕ್ಕ ಟ್ರಂಕಿನ ಒಂದು ಹಿಡಿ ಹಿಡಿದಳು. ಇಬ್ಬರೂ ಎದ್ದು ಹೋದರು.