ಅರವತ್ತಾದ ಮೇಲೆ ಅರವತ್ತು ತಿಂಗಳು

...ಅಲ್ಲ ರೀ, ಮೊದಲು ಪೂರ್ತಿ ಕೇಳಿ, ಆಮೇಲೆ ನಗಿ. ಆ ಕೌಂಟರ್ ಹುಡುಗಿ ಎದ್ದು ನಿಂತು, ಕೈ ಮುಂದೆ ಕಟ್ಕೊಂಡು, "ಬಸುಂದಾರಾ-ಸಾಮಾ!" ಅಂತ ಕೂಗಿದ್ಳು. ಒಂದ್ಸಲ ಅಲ್ಲ, ಮೂರು ಸಲ! ನಾನು ಯಾರೋ ಬೇರೆಯವರಿರಬೇಕು ಅಂತ ಆರಾಮಾಗಿ ಕೂತಿದ್ದೆ. ಈ ಜಪಾನಿನೋರ ಬಾಯಲ್ಲಿ ವಸುಂಧರಾ ಹೋಗಿ ಬಸುಂದಿ ಆಗ್ಬಿಟ್ಟಿದೀನಿ ಅಂತ ಹೊಳೆಯೋಷ್ಟರಲ್ಲಿ ಪಕ್ಕದ ಅಜ್ಜ ನನ್ನ ಮೊಣಕೈ ತಟ್ಟಿದ್ರು. ನಗಿ, ನಗಿ. ನಿಮ್ಮನ್ನೂ ಕರೀತಾರಲ್ಲ, "ಬಿಶುವಾನಾತಾ-ಸಾಮಾ" ಅಂತ. ಆಗ ನಾನು ನಕ್ಕಿದ್ನಾ? ...ನಕ್ಕಿದ್ದೆ. ಸರಿ ಬಿಡಿ.

ಕೂತ್ಕೊಳ್ಳಿ ಒಂದ್ನಿಮಿಷ. ಆ ಟೇಪು, ಕತ್ತರಿ ಕೆಳಗಿಡಿ. ನಿಮ್ಮ ಪುಸ್ತಕದ ಡಬ್ಬ ಎಲ್ಲೂ ಓಡಿಹೋಗಲ್ಲ. ಹಡಗಿನವರು ಬರೋಕೆ ಇನ್ನೂ ಮೂರು ವಾರ ಇದೆ. ನೀವು ರಿಟೈರ್ ಆಗೋದು ಮೂವತ್ತೊಂದಕ್ಕೆ, ಮೈಸೂರಿಗೆ ಹೊರಡೋದು ಏಪ್ರಿಲ್ ಹದಿನೈದಕ್ಕೆ, ಆದ್ರೆ ಮನೇಲಿ ಒಂದು ಚಮಚ ಬಿಡದೆ ಈಗ್ಲೇ ಕಟ್ಟಿಟ್ರೆ ಸಾರು ಬಡಿಸೋದು ಯಾವುದ್ರಲ್ಲಿ?

ಹೂಂ, ಪೆನ್ಶನ್ ಕೌಂಟರ್ರೇ. ಅರವತ್ತು ತುಂಬ್ತಲ್ಲ ನಂಗೆ ಹೋದ ತಿಂಗಳು, ಅದಕ್ಕೆ ಹೋಗಿದ್ದೆ. ಕೆಲಸ ಮುಗಿಸ್ಕೊಂಡು ಮುತ್ತಿನ ಆಫೀಸಿಂದ ಹಾಗೇ ನಡ್ಕೊಂಡು ಹೋದೆ. ಎಂಥಾ ಒಳ್ಳೆ ಹುಡುಗಿ ಅಂತೀರಾ! ಮಿಯಾಗಾವಾ-ಸಾನ್ ಅಂತ. ನಮ್ಮ ಶರ್ವಾಣಿಗಿಂತ ಎರಡು ವರ್ಷ ಚಿಕ್ಕವಳಿರಬಹುದು. ನಿಧಾನಕ್ಕೆ, ಪೆನ್ಸಿಲ್ಲಲ್ಲಿ ಗೆರೆ ಎಳೆದೆಳೆದು ತೋರಿಸಿದ್ಳು. ನಂಗೇ ಅರ್ಥ ಆಯ್ತು ಅಂದ್ರೆ ನೋಡಿ.

ವಿಷಯ ಏನಪ್ಪಾ ಅಂದ್ರೆ, ಅರವತ್ತಕ್ಕೆ ಕಂತು ಕಟ್ಟೋದು ಮುಗೀತು. ಪೂರ್ತಿ ಪೆನ್ಶನ್ ಬೇಕು ಅಂದ್ರೆ ನಲವತ್ತು ವರ್ಷದ ಲೆಕ್ಕ ತುಂಬಬೇಕು. ನಾನು ಬಂದಿದ್ದೇ ಮೂವತ್ಮೂರಕ್ಕೆ, ಎಲ್ಲಿಂದ ತುಂಬುತ್ತೆ? ಅಂಥೋರಿಗೆ ಒಂದು ದಾರಿ ಇದೆ. ಇಷ್ಟ ಇದ್ರೆ, ತಾವಾಗೇ, ಅರವತ್ತೈದರವರೆಗೂ ಕಟ್ಟಬಹುದು. ಯಾರ ಬಲವಂತವೂ ಇಲ್ಲ. ಐದು ವರ್ಷ, ಅರವತ್ತು ತಿಂಗಳು. ಕಟ್ಟಿದಷ್ಟೂ ಪೆನ್ಶನ್ ಏರುತ್ತೆ, ಸಾಯೋವರೆಗೂ! ಅದರ ಮೇಲೆ ತಿಂಗಳಿಗೆ ನಾನೂರು ಯೆನ್ ಜಾಸ್ತಿ ಕಟ್ಟಿದ್ರೆ ಇನ್ನೊಂದು ಚೂರು. ಆ ನಾನೂರರ ದುಡ್ಡು ಪೆನ್ಶನ್ ಶುರುವಾದ ಎರಡೇ ವರ್ಷಕ್ಕೆ ವಾಪಸ್ ಬಂದ್ಬಿಡತ್ತಂತೆ. ಮೂಲೆ ಅಂಗಡಿ ಕೊಂಬಿನಿಯಲ್ಲಿ ಎರಡು ಒನಿಗಿರಿ, ಅದೇ ಅನ್ನದ ಉಂಡೆ, ಒಂದು ಟೀ ತಗೊಂಡ್ರೆ ನಾನೂರು ಯೆನ್ ಹೋಯ್ತು ರೀ!

ಎಷ್ಟಾ? ತಿಂಗಳಿಗೆ ಹದಿನಾರು ಸಾವಿರ ಚಿಲ್ಲರೆ. ...ಹುಬ್ಬು ಇಳಿಸಿ. ನಿಮ್ಮ ಜೇಬಿಗೆ ಕೈ ಹಾಕ್ತಿಲ್ಲ. ನನ್ನ ಸಂಬಳದಿಂದ. ಎಪ್ಪತ್ತೈದು ದಾಟಿದ್ರೆ ಅಲ್ಲಿಂದ ಮುಂದೆಲ್ಲಾ ಲಾಭ. ನಮ್ಮಮ್ಮ ತೊಂಬತ್ಮೂರಕ್ಕೆ ಚಕ್ಕುಲಿ ಕಡೀತಿದ್ರು, ಮರೆತ್ರಾ?

ಏನಂದ್ರಿ? ...ಮೈಸೂರಿಂದ ಕಟ್ಟಬಹುದಾ?

ಅದೂ... ಬ್ಯಾಂಕಿಂದ ತಾನಾಗೇ ಹೋಗತ್ತೆ. ಕಾಫಿ ಬೇಕಾ? ಡಿಕಾಕ್ಷನ್ ಇದೆ. ಬೇಡ್ವಾ? ಮಧ್ಯಾಹ್ನ ಕುಡಿದಿಲ್ವಲ್ಲ ನೀವು. ಇರಿ, ಹಾಲಿಡ್ತೀನಿ.

...ಇಲ್ಲಿಂದಾನೇ ಹೇಳ್ತೀನಿ, ಕೇಳ್ಸತ್ತೆ ತಾನೆ? ಆ ಹುಡುಗಿ ನನ್ನ ಹಿಸ್ಟರಿ ಪೂರ್ತಿ ಒಂದು ಹಾಳೆಗೆ ಪ್ರಿಂಟ್ ಹಾಕಿ ಕೊಟ್ಳು. ಒಂದೊಂದು ತಿಂಗಳಿಗೆ ಒಂದೊಂದು ಮನೆ. ಮೊದಲ ಹದಿನಾರು ವರ್ಷ ನೋಡಿ, ಭರ್ತಿ. ನಾನು ಒಂದು ಯೆನ್ ಕಟ್ಟಿಲ್ಲ. ನೀವು ಕಂಪನಿ ನೌಕರರು, ನಾನು ನಿಮ್ಮ ಮೇಲೆ ಅವಲಂಬಿತಳು, ಹಾಗಾಗಿ ತಾನಾಗೇ ತುಂಬ್ಕೊಂಡು ಬಂತು. ಆಮೇಲೆ ಮೂರು ವರ್ಷ ಖಾಲಿ. ಬಿಳೀ ಗೋಡೆ ಥರ! ಅದರಾಚೆ ಎಂಟು ವರ್ಷ, ನಿಮಗೆ ಹೊಸ ಕೆಲಸ ಸಿಕ್ಕ ಮೇಲೆ, ಮತ್ತೆ ನಿಮ್ಮ ಲೆಕ್ಕದಲ್ಲೇ ಭರ್ತಿ, ನನ್ನ ಸಂಬಳ ಸಣ್ಣದು ನೋಡಿ. ಆ ಹುಡುಗಿ ತುಂಬಾ ಸಂಕೋಚದಿಂದ ಕೇಳಿದ್ಳು, "ಈ ಖಾಲಿ ಸಮಯದಲ್ಲಿ ಏನಾದ್ರೂ ತೊಂದ್ರೆ ಇತ್ತಾ?" ಅಂತ.

ಇಲ್ಲ ಇಲ್ಲ, ನಿಮ್ಮ ಹೆಸರೆತ್ತಲಿಲ್ಲ. ಯಾಕೆ ಎತ್ತಲಿ? ಸುನಾಮಿ ಆದ ಮರುವರ್ಷ ಅಷ್ಟು ಕಂಪನಿ ಮುಚ್ಚಿದವು, ನಿಮ್ಮದೂ ಮುಚ್ಚಿತು. ನೀವು ಸ್ವಂತ ವ್ಯಾಪಾರ ಅಂತ ಊರಿಂದ ಅಗರಬತ್ತಿ ತರಿಸಿದ್ರಿ. ಮಲಗೋ ಕೋಣೆ ತುಂಬಾ ಅಗರಬತ್ತಿ! ಶರ್ವಾಣಿ ಯೂನಿಫಾರಂ ಮಲ್ಲಿಗೆ ವಾಸನೆ ಬರತ್ತೆ ಅಂತ ಕ್ಲಾಸಿನವರು ಅವಳನ್ನ "ಓತೆರಾ" ಅಂತಿದ್ರು. ದೇವಸ್ಥಾನ ಅಂತ! ಈಗ ನಗು ಬರತ್ತೆ ನೋಡಿ. ಆಗ ಪೆನ್ಶನ್ ಆಫೀಸಿಂದ ಲಕೋಟೆ ಬಂದ್ರೆ ನೀವು ಒಡೀದೇ ಡ್ರಾಯರಿಗೆ ಹಾಕ್ತಿದ್ರಿ. ನಾನೂ ನೋಡಿ ನೋಡದ ಹಾಗೆ ಇದ್ದೆ. ನಾನೇನು ಕಮ್ಮಿ?

ತಗೊಳ್ಳಿ, ಬಿಸಿ ಇದೆ.

ಆ ಖಾಲಿ ಮೂರು ವರ್ಷದಲ್ಲೇ ಅಲ್ವಾ ನಾನು ನಿಶಿಯೋಕಾ-ಸಾನ್ ಹತ್ರ ಹೋಗಿದ್ದು? ಕಸ ಹಾಕೋ ಜಾಗದಲ್ಲಿ ಪರಿಚಯ ಆದವರು. ಮುತ್ತಿನ ವ್ಯಾಪಾರ ಅಂತಷ್ಟೇ ಗೊತ್ತಿತ್ತು ನಂಗೆ. ನೆಲ ಒರೆಸೋ ಕೆಲಸ ಇದ್ರೆ ಕೊಡಿ ಅಂತ ಕೇಳೋಕೆ ಹೋದೆ. ಅದನ್ನ ನಿಮಗೆ ಹೇಳಿರಲಿಲ್ಲ... ಹೂಂ, ಒರೆಸೋಕೇ. ಅವರು ಉತ್ತರದ ಕಿಟಕಿ ಪಕ್ಕ ಬಿಳೀ ಬಟ್ಟೆ ಹಾಸಿ, ಒಂದು ಬೊಗಸೆ ಮುತ್ತು ಸುರಿದು, "ಇದ್ರಲ್ಲಿ ಎರಡು ಒಂದೇ ಥರ ಇವೆ, ಹುಡುಕು" ಅಂದ್ರು. ನಂಗೋ ಎಲ್ಲಾ ಒಂದೇ! ಹತ್ತು ನಿಮಿಷ ಸುಮ್ನೆ ನೋಡಿದೆ. ಆಮೇಲೆ ಒಂದು ಚೂರು ಹಸಿರು, ಒಂದು ಚೂರು ಗುಲಾಬಿ, ಇದು ಹಾಲು, ಇದು ನೀರು ಹಾಲು... ಅಕ್ಕಿ ಆರಿಸಿದ ಕಣ್ಣಲ್ವಾ! ಎರಡು ತೆಗೆದು ಕೈಲಿಟ್ಟೆ. ಅವರು ನೆಲ ಒರೆಸೋ ಮಾತೇ ಆಡಲಿಲ್ಲ. "ನಾಳೆ ಒಂಬತ್ತಕ್ಕೆ ಬಾ, ಬೆಳಕು ಇರುವಾಗಲೇ" ಅಂದ್ರು.

ಹನ್ನೊಂದು ವರ್ಷ ಆಯ್ತು. ಈಗ ನಾನು ಜೋಡಿಸದೇ ಯಾವ ದೊಡ್ಡ ಸರವೂ ಅಲ್ಲಿಂದ ಹೊರಗೆ ಹೋಗಲ್ಲ. ಜಂಬ ಅಲ್ಲ ರೀ... ಸರಿ, ಜಂಬಾನೇ. ಹೋದ ವಾರ ನಿಶಿಯೋಕಾ-ಸಾನ್, ಅವರಿಗೀಗ ಎಪ್ಪತ್ತೊಂಬತ್ತು, "ಬಸು-ಸಾನ್, ನನ್ನ ಕಣ್ಣು ಹೋಯ್ತು, ಇನ್ನು ನಿನ್ನ ಕಣ್ಣಲ್ಲೇ ಈ ಅಂಗಡಿ" ಅಂದ್ರು. ನಾನು ತಲೆ ಬಗ್ಗಿಸಿ ಸುಮಿಮಾಸೆನ್, ಕ್ಷಮಿಸಿ ಅಂದೆ. ಅದಕ್ಯಾಕೆ ಸುಮಿಮಾಸೆನ್ ಅಂದ್ನೋ!

ಯಾಕ್ರೀ ಹಾಗೆ ನೋಡ್ತೀರಾ? ಕಾಫಿ ಸ್ಟ್ರಾಂಗ್ ಆಯ್ತಾ?

ಆಂ... ಹೂಂ, ಗೊತ್ತು, ಇಲ್ಲಿನ ಬ್ಯಾಂಕ್ ಅಕೌಂಟ್ ಕ್ಲೋಸ್ ಮಾಡ್ತೀವಿ ಅಂತ ನೀವು ಲಿಸ್ಟಲ್ಲಿ ಬರೆದಿದೀರ. ನಿಮ್ಮದು ಮಾಡಿ. ನಂದು ಪೋಸ್ಟಾಫೀಸಿನದು, ಇರಲಿ. ಒಂದು ಅಕೌಂಟ್ ಇದ್ರೆ ಏನು ಅನ್ನ ಕೇಳತ್ತಾ? ...ಈಗ ಬರೋ ನಿಮ್ಮ ಪೆನ್ಶನ್ನು ಹೇಗೂ ಮೈಸೂರಿಗೇ ಕಳಿಸ್ತಾರೆ, ಅದೂ ಗೊತ್ತು. ಸಾಕಾಗತ್ತೆ ಅಂತೀರ. ಸಾಕಾಗತ್ತೆ ರೀ, ಯಾರು ಇಲ್ಲ ಅಂದ್ರು? ಮನೆ ಬಾಡಿಗೆ ಇಲ್ಲ, ನಿಮ್ಮಕ್ಕನ ಮನೆ ಮಹಡಿ, ಕೆಳಗೆ ಕಾಮಾಕ್ಷಿಯವರು ಮೇಲೆ ನಾವು. ಅವರು ಆಗ್ಲೇ ಫೋನಲ್ಲಿ ಹೇಳಿದಾರೆ, "ಅಡಿಗೆ ಎರಡು ಕಡೆ ಯಾಕೆ, ವಸೂ ಕೆಳಗೇ ಬಂದು ಮಾಡಲಿ" ಅಂತ. ಒಳ್ಳೆಯವರೇ. ಒಳ್ಳೆಯವರಲ್ಲ ಅಂತ ನಾನು ಯಾವತ್ತಾದ್ರೂ ಅಂದಿದೀನಾ?

ಅಯ್ಯೋ, ಆ ಫಾರಂ ಯಾಕೆ ಈಗ? ಆಮೇಲೆ ನೋಡುವಿರಂತೆ. ಕನ್ನಡಕ ಡಬ್ಬದಲ್ಲಿ ಕಟ್ಟಿಬಿಟ್ರಿ ಅಂದ್ಕೊಂಡಿದ್ದೆ... ಜೇಬಲ್ಲೇ ಇದೆಯಾ. ನಿಮಗೆ ಆ ಕಾಂಜಿ ಅಕ್ಷರ ಎಲ್ಲಾ ಓದೋಕೆ ಬರತ್ತೆ, ಅದೇ ಕಷ್ಟ.

ಅದು ಹೆಸರು. ಅದು ಹುಟ್ಟಿದ ತಾರೀಖು. ಕೆಳಗಿಂದು ಪೋಸ್ಟಾಫೀಸ್ ನಂಬರು. ಎಡಗಡೆ ಸಣ್ಣಕ್ಷರದಲ್ಲಿ... ಹೂಂ. ಅದೇ.

...

ಹೌದು. ಹಾಗಂತಲೇ ಬರೆದಿದೆ. ನಮ್ಮಂಥ ಪರದೇಶದೋರು ಜಪಾನಲ್ಲಿ ವಾಸ ಇದ್ರೆ ಮಾತ್ರ ಕಟ್ಟಬಹುದು. ಹೊರಗೆ ಹೋದ್ರೆ ಅವತ್ತಿಗೇ ನಿಲ್ಲತ್ತೆ.

ಕಪ್ಪು ತಿರುಗಿಸ್ತಾ ಕೂತ್ರೆ ಹೇಗೆ?

ನೋಡಿ, ನಡೆದಿದ್ದಿಷ್ಟು. ಆ ಹುಡುಗಿ ಕೇಳಿದ್ಳು, "ಇನ್ನೂ ಐದು ವರ್ಷ ಕೋಬೆಯಲ್ಲೇ ಇರ್ತೀರ ತಾನೆ?" ಅಂತ. ನನ್ನ ಬಾಯಿಂದ "ಹಾಯ್", ಹೌದು ಅಂತ ಬಂದ್ಬಿಡ್ತು ರೀ. ಯೋಚನೆ ಮಾಡೋಷ್ಟರಲ್ಲಿ ಬಂದ್ಬಿಡ್ತು! ಪೆನ್ಸಿಲ್ ಗುರುತು ಹಾಕಿದ್ಳು, ಸಹಿ ಮಾಡಿ ಅಂದ್ಳು, ಮಾಡ್ದೆ. ಹೊರಗೆ ಬಂದು ಬೆಂಚ್ ಮೇಲೆ ಕೂತ ಮೇಲೇನೇ ಏನು ಮಾಡ್ದೆ ಅಂತ ಹೊಳೆದಿದ್ದು. ಅಷ್ಟೇ. ಒಂದು ಗಳಿಗೆ ಬುದ್ಧಿ...

ನಿಮ್ಮನ್ನ ಬಿಡ್ತಿದೀನಿ ಅಂತಲ್ಲ. ಹಾಗೆ ಅಂದ್ಕೋಬೇಡಿ. ವರ್ಷಕ್ಕೊಂದ್ಸಲ ದಸರಾಗೆ ನಾನು ಬರ್ತೀನಿ, ಚೆರ್ರಿ ಹೂ ಬಿಡೋ ಟೈಮಿಗೆ ನೀವು ಬನ್ನಿ. ದುಡ್ಡಿಗೆ ಅಂತಲೂ ಅಲ್ಲ. ವರ್ಷಕ್ಕೆ ಒಂದು ಲಕ್ಷ ಯೆನ್ ಜಾಸ್ತಿ ಬಂದ್ರೆ ಅರಮನೆ ಕಟ್ತೀನಾ? ಆ ಹಾಳೆ ನೋಡಿ... ಭರ್ತಿ ಆಗಿರೋ ಮನೆಯೆಲ್ಲಾ ನಿಮ್ಮಿಂದ ಭರ್ತಿ. ಖಾಲಿ ಇರೋದೂ ನಿಮ್ಮಿಂದ. ನಾನೇ ಕಟ್ಟಿದ್ದು ಅಂತ ಒಂದು ತಿಂಗಳಿಲ್ಲ ಅದ್ರಲ್ಲಿ, ಇಪ್ಪತ್ತೇಳು ವರ್ಷದಲ್ಲಿ! ಈ ಅರವತ್ತು ತಿಂಗಳು ನಂದು. ಬೆಳಿಗ್ಗೆ ಒಂಬತ್ತಕ್ಕೆ ಆ ಕಿಟಕಿ ಮುಂದೆ ಕೂತ್ಕೊಂಡ್ರೆ ನಂಗೆ ಬೇರೇನೂ ಬೇಕು ಅನ್ಸಲ್ಲ ರೀ. ಇದನ್ನ ನಿಮ್ಮ ಹತ್ರ ಹೇಗೆ ಹೇಳೋದು ಅಂತ...

ಫೋನ್ ಯಾಕೆ ತೆಗೀತಿದೀರ? ನಿಮ್ಮಕ್ಕನಿಗಾ? ಈಗ ಬೇಡ, ದಯವಿಟ್ಟು. ಶರ್ವಾಣಿಗೆ ಮಾಡ್ತೀರಾ? ಅವಳೀಗ ಟೋಕಿಯೋದಲ್ಲಿ ಮೀಟಿಂಗಲ್ಲಿ...

ಓ.

ಟಿಕೆಟ್ಟಾ.

ನನ್ನದನ್ನ ಕ್ಯಾನ್ಸಲ್ ಮಾಡಬಹುದಾ ಅಂತ ನೋಡ್ತಿದೀರಾ? ...ಇರಿ ರೀ. ಆ ಮೇಲ್ ನಾನೇ ನಿಮಗೆ ಕಳಿಸಿರಲಿಲ್ಲ. ನೀವು "ನೀನೇ ಬುಕ್ ಮಾಡ್ಬಿಡು, ನಂಗೆ ಪುರಸೊತ್ತಿಲ್ಲ" ಅಂದಿದ್ರಿ, ನಾನು ಆಯ್ತು ಅಂದೆ. ಶರ್ವಾಣಿಗೆ ಒಂದು ಕಾಪಿ ಹಾಕಿದ್ದೆ, ಅವಳು ಫಾರ್ವರ್ಡ್ ಮಾಡಿದ್ಳಾ ನಿಮಗೆ? ಹೋದ ವಾರವೇ ಬಂದಿದೆಯಾ? ತೆಗೆದು ನೋಡಿರಲಿಲ್ವಾ...

ನೋಡಬೇಡಿ ಅನ್ನಲ್ಲ. ನೋಡಿ.

ಹೂಂ. ಡಿಸೆಂಬರ್ ಒಂಬತ್ತು. ಅವತ್ತೇ ಬುಕ್ ಮಾಡಿದ್ದು. ಮೂರು ತಿಂಗಳ ಹಿಂದೆ.

...ಇಲ್ಲ. ಬಾಯಿ ತಪ್ಪಿ ಬಂದಿದ್ದಲ್ಲ "ಹಾಯ್" ಅಂತ.

ಕೆಳಗೆ ಸ್ಕ್ರೋಲ್ ಮಾಡಬೇಡಿ ರೀ, ಇನ್ನೊಂದು ಹೆಸರಿಲ್ಲ ಅದ್ರಲ್ಲಿ. ಒಂದೇ ಟಿಕೆಟ್. ನಿಮ್ಮದು. ನಿಮಗೆ ಇಷ್ಟ ಅಂತ ಕಿಟಕಿ ಸೀಟೇ ತಗೊಂಡಿದೀನಿ.