ಅರವತ್ತೆರಡು ಅಂಕ

ಕೆಂಟನ್ ಕಡೆಯ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಬೆನ್ನುನೋವು ಹಿಡಿದು ಕೂತಿದ್ದೆ. ನನ್ನ ಮುಂದಿನ ಸಾಲಿನಲ್ಲಿ ಗಂಡ, ಹೆಂಡತಿ, ನಡುವೆ ಹದಿನೇಳರ ಮಗಳು. ಅವಳ ಬಲಗೈ ಬೆರಳುಗಳು ಊದಿ ನೀಲಿಗಟ್ಟಿದ್ದವು. ಈ ಪರದೇಶದಲ್ಲಿ ಯಾರಿಗೂ ಕನ್ನಡ ತಿಳಿಯದೆಂಬ ಧೈರ್ಯ ಅವರಿಗೆ.

“ಲಟ್ಟಣಗಿ ತಗೊಂಡು ಹೊಡೀತಾರೇನ್ರೀ, ಬರಿಯೋ ಕೈಗೆ?”

“ಫಿಸಿಕ್ಸ್‌ನಾಗ ನೂರಕ್ಕ ಅರವತ್ತೆರಡು ತಂದ್ರ ಮುದ್ದ ಮಾಡ್ಲೇನು? ನಾ ಧಾರವಾಡದಾಗ ತೊಂಬತ್ತಾರು ತಗೊಂಡಾಂವ.”

“ಇದು ಧಾರವಾಡ ಅಲ್ರೀ. ಪೇಪರ್ ಕಠಿಣ ಇದ್ರ ಗ್ರೇಡಿನ ಗೆರಿ ಕೆಳಗ ಇಳಸ್ತಾರ. ಈ ಸಲ ಐವತ್ತೆಂಟಕ್ಕನ ‘ಎ’ ಅಂತ ಟೀಚರ್ ಮೇಲ್ ಮಾಡ್ಯಾರ. ಈಗ ನೋಡಿದೆ.”

“ಅಂದ್ರ ಅಕಿಗೆ ‘ಎ’ ಬಂದದ?”

“ಹೂಂ.”

“ಮತ್ತ ಮೊದಲ ಯಾಕ ಹೇಳ್ಲಿಲ್ಲ ಅಕಿ?”

“ಹೇಳ್ಲಿಕ್ಕತ್ತಿದ್ಲು. ನೀವು ಹೊಡಿಯೋದು ನಿಲ್ಲಿಸ್ಲಿಲ್ಲ.”

ಗಂಡ ದನಿ ತಗ್ಗಿಸಿದ.

“ಒಳಗ ಅಕಿನ್ನ ಒಬ್ಬಾಕಿನ್ನ ಕೂಡಿಸಿಕೊಂಡು ಯಾರು ಹೊಡದ್ರು ಅಂತ ಕೇಳ್ತಾರ. ಮಕ್ಕಳ ವಾರ್ಡಿನಾಗ ನಾನೂ ಹಂಗ ಕೇಳ್ತೀನಿ. ಖರೇ ಹೇಳಿದ್ಲಂದ್ರ ನನ್ನ ಡಾಕ್ಟರ್ ನೌಕರಿ ಮುಗೀತು.”

ನರ್ಸ್ ಬಂದು “ಮಾಳವಿಕಾ” ಎಂದು ಕರೆದಳು. ಅಪ್ಪ ಎದ್ದ. ನರ್ಸ್ ಅವನಿಗೆ ಕೂರುವಂತೆ ಕೈಸನ್ನೆ ಮಾಡಿದಳು.

“ಬಾಗಲದಾಗ ಕೈ ಸಿಕ್ತು ಅಂತ ಹೇಳವ್ವಾ,” ಎಂದು ಅವನು ಬೇಡಿಕೊಂಡ.

ಹುಡುಗಿ ತಿರುಗಿ ನಿಂತು, ಇಡೀ ಸಾಲಿಗೆ ಕೇಳುವಂತೆ ಕೇಳಿದಳು:

“ಯಾವ ಬಾಗಲದಾಗ, ಪಪ್ಪಾ?”

ಉತ್ತರಕ್ಕೆ ಕಾಯದೆ ನರ್ಸಿನ ಹಿಂದೆ ಹೋದಳು.